ಬಿದಿಗೆಗೆ ಶಿವಾಜಿ, ತದಿಗೆಗೆ ಬಸವಣ್ಣ

ಕೊಲ್ಹಾಪುರದಲ್ಲಿ ವೈಶಾಖ ಬಂತೆಂದರೆ ಒಂದರ ಬೆನ್ನಿಗೆ ಇನ್ನೊಂದು ಜಯಂತಿ. ಶುದ್ಧ ಬಿದಿಗೆಗೆ ಶಿವಾಜಿ ಮಹಾರಾಜರದು, ಮರುದಿನ ಅಕ್ಷಯ ತದಿಗೆಗೆ ಬಸವಣ್ಣನವರದು. ಶಿವಜಯಂತಿಗೆ ಮಹಾರಾಷ್ಟ್ರ ಸರ್ಕಾರ ಫೆಬ್ರವರಿ 19ನ್ನು ಗೊತ್ತುಮಾಡಿ ವರ್ಷಗಳೇ ಕಳೆದರೂ ಹಳೆಯ ತಿಥಿ ಬಿಡದ ತರುಣ ಮಂಡಳಗಳು ಇಲ್ಲೂ ಇವೆ, ಬೆಳಗಾವಿಯಲ್ಲೂ ಇವೆ. ಹೀಗಾಗಿ ಭಗವಾ ಪತಾಕೆಗಳು ಇನ್ನೂ ಹಾರಾಡುತ್ತಿರುವಾಗಲೇ ಲಿಂಗಾಯತರ ಷಟ್‌ಸ್ಥಲ ಧ್ವಜ ಏರುತ್ತದೆ.

ಈ ನೆಂಟಸ್ತನ ಪಂಚಾಂಗದ್ದಷ್ಟೇ ಅಲ್ಲ. ಬಸವಣ್ಣನವರ ನೆನಹು ಲಿಂಗಾಯತ ಮನೆ–ಮಠಗಳಲ್ಲಿ ಶತಮಾನಗಳಿಂದ ಇದ್ದದ್ದೇ. 1369ರಲ್ಲಿ ಭೀಮಕವಿ ಬರೆದ ಬಸವಪುರಾಣದ ಪ್ರವಚನ, ಶ್ರಾವಣದ ಬಸವ ಪಂಚಮಿ, ಇಷ್ಟಲಿಂಗ ಪೂಜೆ, ದಾಸೋಹ, ಎಲ್ಲ ಮಠದಂಗಳದೊಳಗೆ ನಡೆಯುತ್ತಿತ್ತು. ಹುಟ್ಟುಹಬ್ಬವನ್ನು ಬೀದಿಗೆ ತಂದದ್ದು 1913ರ ದಾವಣಗೆರೆ. ವಿರಕ್ತಮಠದ ಮೃತ್ಯುಂಜಯ ಅಪ್ಪಗಳ ಬೆಂಬಲದಲ್ಲಿ ಹರ್ಡೇಕರ ಮಂಜಪ್ಪನವರು ಸಾರ್ವಜನಿಕ ಬಸವ ಜಯಂತಿ ಆರಂಭಿಸಿದರು. ಮಂಜಪ್ಪನವರ ಕಣ್ಮುಂದೆ ಇದ್ದದ್ದು ತಿಲಕರ ಗಣೇಶೋತ್ಸವ, ಶಿವಾಜಿ ಉತ್ಸವಗಳ ಮಾದರಿ. ಮಹಾರಾಷ್ಟ್ರದಿಂದ ಹೋದ ಉತ್ಸವದ ರೂಪ ದಾವಣಗೆರೆಯಲ್ಲಿ ಬಸವಣ್ಣನವರನ್ನು ಕೂಡಿಸಿಕೊಂಡು ಮರಳಿ ಮಹಾರಾಷ್ಟ್ರಕ್ಕೇ ಬಂತು.

ಮರಳಿ ಬಂದದ್ದನ್ನು ಬರಮಾಡಿಕೊಳ್ಳಲು ಕೊಲ್ಹಾಪುರ ಸಂಸ್ಥಾನದಲ್ಲಿ ನೆಲ ಹದವಾಗಿತ್ತು. ಅದನ್ನು ಹದಮಾಡಿದವರು ಛತ್ರಪತಿ ಶಾಹು ಮಹಾರಾಜರು. ಜಾತಿಗೊಂದರಂತೆ ವಿದ್ಯಾರ್ಥಿ ವಸತಿಗೃಹ ಕಟ್ಟಿಸುತ್ತ ಹೋದ ಅವರ ಕಾಲದಲ್ಲೇ, 1907ರಲ್ಲಿ, ವೀರಶೈವ ಲಿಂಗಾಯತ ಬೋರ್ಡಿಂಗ್ ಆಯಿತು. ಬೇಸಾಯದ ಮನೆಗಳ, ಕಿರಾಣಿ ಅಂಗಡಿಗಳ ಹುಡುಗರು ಪೇಟೆಗೆ ಬಂದು ಓದತೊಡಗಿದರು. ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಕಲಿಸುತ್ತಿದ್ದರು; ಸಂಸ್ಥಾನದ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದವರೂ ಅವರೇ. 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಹೊರಬಂದ ಮೇಲೆ ಜಯಂತಿಯ ಭಾಷಣಗಳಿಗೆ ಪುರಾಣದ ಪವಾಡಗಳ ಬದಲು ವಚನದ ಆಧಾರ ದೊರೆಯಿತು. ಜಮಖಂಡಿ ಸೀಮೆಯ ಸಾವಳಗಿಯಿಂದ ಇದೇ ಕೊಲ್ಹಾಪುರಕ್ಕೆ ಬಂದು ಪದವಿ, ಕಾನೂನು ಎರಡನ್ನೂ ಓದಿದ ಬಿ.ಡಿ. ಜತ್ತಿಯವರು 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿದರು. ಕೊಲ್ಹಾಪುರದ ಪಾಲು ಇಲ್ಲಿ ನಾವು ಲೆಕ್ಕಕ್ಕೆ ಹಿಡಿಯುವುದಕ್ಕಿಂತ ದೊಡ್ಡದು.

ಹಬ್ಬದ ಜೀವ ಇರುವುದು ತೊಟ್ಟಿಲಲ್ಲಿ. ಕೊಲ್ಹಾಪುರದ ದಸರಾ ಚೌಕದ ಚಿತ್ರದುರ್ಗ ಮಠದಲ್ಲಾಗಲಿ, ಗಡಹಿಂಗ್ಲಜದ ಕಡೆಯ ಹಳ್ಳಿಯ ಗುಡಿಯಲ್ಲಾಗಲಿ, ಮಲ್ಲಿಗೆ ಸರ ಇಳಿಬಿಟ್ಟ ತೊಟ್ಟಿಲಲ್ಲಿ ಬಾಲಬಸವನ ಪುಟ್ಟ ಮೂರ್ತಿ ಇಟ್ಟು ಹೆಂಗಸರು ಸುತ್ತ ನಿಲ್ಲುತ್ತಾರೆ. ಒಬ್ಬಾಕೆ ಮೂರ್ತಿಯನ್ನು ತೊಟ್ಟಿಲ ಕೆಳಗಿಂದ ದಾಟಿಸಿದರೆ ಇನ್ನೊಬ್ಬಾಕೆ ಮೇಲಿಂದ ಮರಳಿಸುತ್ತಾಳೆ. ಕಿವಿಯಲ್ಲಿ ಹೆಸರು ಉಸುರಿದ್ದೇ ತಡ, ಸೋದರತ್ತೆಯಾದವಳ ಬೆನ್ನಿಗೆ ಗುದ್ದುಗಳು ಬೀಳುತ್ತವೆ, ಮನೆಯ ಕೂಸಿಗೆ ಹೆಸರಿಡುವಾಗ ಬೀಳುವಂತೆಯೇ. ಆಮೇಲೆ ಗುಗ್ಗರಿ ಹಂಚಿಕೆ. ಜೋಗುಳ ಒಂದು ಕಡೆ ಕನ್ನಡದ್ದು, ಇನ್ನೊಂದು ಕಡೆ ಮರಾಠಿ ಪಾಳಣಾ. ಸಂಜೆಯ ಮೆರವಣಿಗೆ ಗಂಡಸರದು. ನಮ್ಮ ಬರಹಗಳಲ್ಲಿ ಸುದ್ದಿಯಾಗುವುದು ಅದೇ. ನನ್ನ ಮಟ್ಟಿಗೆ ಬೆಳಗಿನದೇ ನಿಜವಾದ ಜಯಂತಿ.

ಅದೇ ಜಿಲ್ಲೆಯ ಇಚಲಕರಂಜಿಯ ಬಗೆ ಬೇರೆ. 1904ರಲ್ಲಿ ಮೊದಲ ಪವರ್‌ಲೂಮ್ ಸದ್ದು ಮಾಡಿದ ಈ ಊರಿಗೆ ಉತ್ತರ ಕರ್ನಾಟಕದ ಕುಟುಂಬಗಳು ದುಡಿಮೆ ಹುಡುಕಿ ಬಂದು ನೆಲೆ ನಿಂತಿವೆ. ಮಗ್ಗದ ಊರಿನಲ್ಲಿ ಕಾಯಕದ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಬಸವಣ್ಣನವರ ಜೊತೆಗೆ ನೇಕಾರ ಶರಣ ಜೇಡರ ದಾಸಿಮಯ್ಯನನ್ನೂ ವೇದಿಕೆಗೆ ತರಬೇಕಾದ ಊರು ಇದು.

ಈ ಮೂರು ಊರುಗಳಲ್ಲಿ ಗಡಹಿಂಗ್ಲಜ ಹೆಚ್ಚು ಕನ್ನಡದ್ದು. ಹಿರಣ್ಯಕೇಶಿಯ ದಂಡೆಯ ಈ ತಾಲ್ಲೂಕಿಗೆ ಸಂಕೇಶ್ವರದ ಪೇಟೆ ಹತ್ತಿರ, ನಿಡಸೋಸಿಯ ದುರದುಂಡೀಶ್ವರ ಮಠ ಹತ್ತಿರ. ನೂಲ ಗ್ರಾಮದಲ್ಲಿ ಸುರಗೀಶ್ವರ ಮಠ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಜ್ಜಿಗೆ ವಚನ ಬಾಯಿಪಾಠ. ಮೊಮ್ಮಗಳು ಅದನ್ನೇ ದೇವನಾಗರಿಯಲ್ಲಿ ಬರೆದುಕೊಂಡರೆ ಮಾತ್ರ ಓದಬಲ್ಲಳು.

ಕಳೆದ ದಶಕದಲ್ಲಿ ಜಯಂತಿಗೆ ರಾಜಕಾರಣದ ಕಾವು ಹತ್ತಿತು. 2017ರಲ್ಲಿ ಬೀದರಿನಿಂದ ಎದ್ದ ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆ ಲಾತೂರಿನ ಮೇಲೆ ಹಾಯ್ದು 2018ರ ಜನವರಿಯಲ್ಲಿ ಕೊಲ್ಹಾಪುರದ ಮಹಾಮೋರ್ಚಾ ಆಯಿತು. ಮಾನ್ಯತೆ ಸಿಗಲಿಲ್ಲ. ಉಳಿದದ್ದು ಸಂಘಟನೆ: ಬೈಕ್ ರ‍್ಯಾಲಿ, ದೊಡ್ಡ ಬ್ಯಾನರು, ಮೆರವಣಿಗೆಗೆ ಧ್ವನಿವರ್ಧಕ. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದೂ 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ್ದೂ ಗಡಿಯಾಚೆಯ ಲಿಂಗಾಯತರಿಗೆ ಹೆಮ್ಮೆ ತಂದಿರಲಿಕ್ಕೆ ಸಾಕು. ಘೋಷಣೆಯ ಫಲ ಮಾತ್ರ ನಿಪ್ಪಾಣಿ ದಾಟಿದಂತೆ ಕಾಣುವುದಿಲ್ಲ.

ಬಸವಣ್ಣ ಮರಾಠಿಯವರಾಗುತ್ತಿದ್ದಾರೆಂದು ಕೊರಗುವವರ ಜೊತೆ ನಾನಿಲ್ಲ. ಅವರು ಬಿಜ್ಜಳನ ಕಾಲದಲ್ಲಿ ಕೆಲಸ ಮಾಡಿದ ಮಂಗಳವೇಡೆಯೇ ಇಂದು ಮಹಾರಾಷ್ಟ್ರದಲ್ಲಿದೆ, ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಬಸವ ಸಮಿತಿ ಹೊರತಂದ ವಚನ ಸಂಪುಟ ಮರಾಠಿಯಲ್ಲೂ ಇದೆ. ಆದರೆ ಅನುವಾದ ಓದುವವರಿಗೆ ಮೂಲದ ಸದ್ದೂ ಕೇಳಬೇಕು. ಎಡಪುಟದಲ್ಲಿ ದೇವನಾಗರಿಯಲ್ಲಿ ಬರೆದ ಕನ್ನಡ ವಚನ, ಬಲಪುಟದಲ್ಲಿ ಮರಾಠಿ ಅರ್ಥ ಇರುವ ನೂರು ಪುಟದ ಅಗ್ಗದ ಪುಸ್ತಕವೊಂದು ಸಾಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅದನ್ನು ಅಚ್ಚುಹಾಕಿಸಿ, ಬರುವ ಅಕ್ಷಯ ತದಿಗೆಯ ಮೊದಲು ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರದ ಮಠ–ಮಂಡಳಗಳಿಗೆ ತಲುಪಿಸಲಿ.