ಹರಾಜಾದ ಹುಡುಗ

2023ರ ಡಿಸೆಂಬರ್ 19. ಕಲಬುರಗಿಯಲ್ಲಿ ಕಾಲೇಜು ಓದುವ ನನ್ನ ತಮ್ಮನ ಮಗ ಅಂದು ಸೊಲ್ಲಾಪುರದ ನಮ್ಮ ಮನೆಯಲ್ಲಿ ಟಿ.ವಿ. ಮುಂದಿನಿಂದ ಕದಲಿರಲಿಲ್ಲ. ಒಮ್ಮೆಲೇ ಜಿಗಿದೆದ್ದು, ‘ಅರ್ಶಿನ್ ಹರಾಜಾದ! ಇಪ್ಪತ್ತ ಲಕ್ಷ!’ ಎಂದು ಕೂಗಿದ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ದೊಡ್ಡವ್ವನ ಕೈ ನಿಂತಿತು.

‘ಅಯ್ಯ ಶಿವನ, ಯಾರ ಪೈಕಿ ಹುಡುಗ ಅಂವ? ಅಷ್ಟ ಸಾಲ ಯಾಕ ಮಾಡಿದ್ದ?’

ಅರ್ಶಿನ್ ಕುಲಕರ್ಣಿ ಸೊಲ್ಲಾಪುರದ ಹುಡುಗ, ಹದಿನೆಂಟು ದಾಟಿದವನು, ದುಬೈಯಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಲಖನೌ ತಂಡದವರು ಅವನನ್ನು ಮೂಲಬೆಲೆಗೆ ಕೊಂಡಿದ್ದಾರೆ, ರೊಕ್ಕ ಅವನೇನೂ ಕೊಡಬೇಕಾಗಿಲ್ಲ, ಅವನಿಗೇ ಬರುತ್ತದೆ ಎಂದೆಲ್ಲ ಬಿಡಿಸಿ ಹೇಳಿದ್ದಾಯಿತು. ಅಷ್ಟರಲ್ಲಿ ಹುಡುಗ ಅಂಗಡಿಗೆ ಓಡಿ ಪೇಢೆಯನ್ನೂ ತಂದಿದ್ದ. ದೊಡ್ಡವ್ವ ಒಂದು ಪೇಢೆ ಬಾಯಿಗೆ ಹಾಕಿಕೊಂಡಳು. ಆದರೆ ಮುಖದ ಗಂಟು ಬಿಚ್ಚಲಿಲ್ಲ. ‘ಹರಾಜಾದದ್ದಕ್ಕ ಪೇಢೆ!’ ಅಂದವಳು ಮತ್ತೆ ಶೇಂಗಾಕ್ಕೆ ಕೈ ಹಚ್ಚಿದಳು.

ತಪ್ಪು ಅವಳದಲ್ಲ. ನಮ್ಮ ಮನೆಗಳಲ್ಲಿ ಹರಾಜು ಎಂಬ ಶಬ್ದ ಯಾವತ್ತೂ ಒಳ್ಳೆಯ ಸುದ್ದಿ ತಂದದ್ದಿಲ್ಲ. ‘ಓಣ್ಯಾಗ ಮಾನ ಹರಾಜ ಹಾಕಬ್ಯಾಡ’ ಎನ್ನುವುದು ಗದರಿಕೆ. ಮರ್ಯಾದೆ ಹರಾಜಾಯಿತು ಎಂದರೆ ಮುಗಿಯಿತು, ಅದಕ್ಕೆ ಮರುಖರೀದಿ ಇಲ್ಲ. ಪೇಪರಿನಲ್ಲಿ ಬರುವ ಹರಾಜು ಪ್ರಕಟಣೆಯ ಸಣ್ಣಕ್ಷರಗಳನ್ನು ಊರಿನ ಹಿರಿಯರು ಮೊದಲ ಪುಟಕ್ಕಿಂತ ಹೆಚ್ಚು ಲಕ್ಷ್ಯ ಕೊಟ್ಟು ಓದುವುದು ಗುರುತಿನವರ ಹೆಸರು ಇದೆಯೋ ಎಂದು ನೋಡಲಿಕ್ಕೆ.

ನಾನು ಚಿಕ್ಕವನಿದ್ದಾಗ ಒಂದು ಹರಾಜು ನೋಡಿದ್ದೆ. ಸೊಲ್ಲಾಪುರದ ಪೂರ್ವಭಾಗದಲ್ಲಿ ಚಾದರ ನೇಯುವ ಪವರ್‌ಲೂಮ್‌ಗಳು ಸಾಲಾಗಿದ್ದ ಓಣಿ. ಅಪ್ಪನ ಗೆಳೆಯರೊಬ್ಬರ ಎರಡು ಮಗ್ಗಗಳನ್ನು ಸಾಲ ಕೊಟ್ಟವರು ಅಂಗಳದಲ್ಲಿ ನಿಂತು ಕೂಗಿ ಮಾರಿದರು. ‘ಒಂದ ಸರ್ತಿ, ಎರಡ ಸರ್ತಿ’ ಎಂದು ಎಣಿಸುವಾಗ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊಂಡವನು ಮಗ್ಗದ ಮೈ ಸವರಿ ಕೈ ನೋಡಿಕೊಂಡ. ಬೆರಳಿಗೆ ಎಣ್ಣೆ ಹತ್ತಿತ್ತು. ಅವತ್ತು ಬೆಳಿಗ್ಗೆಯೂ ಮಾಲಕರು ಎಂದಿನಂತೆ ಮಗ್ಗಕ್ಕೆ ಎಣ್ಣೆ ಬಿಟ್ಟಿದ್ದರು.

ಈಗ ಅದೇ ಶಬ್ದ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೊಸ ಅಂಗಿ ತೊಟ್ಟು ಓಡಾಡುತ್ತಿದೆ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರ ಗದ್ದಲದಲ್ಲಿ ಅಲ್ಲಿ ಕೂಡಲಿಕ್ಕೆ ಜಾಗ ಸಿಗುವುದಿಲ್ಲ. ಉಳಿದ ದಿನ ಬೆಂಚು ಆರ್‌ಸಿಬಿಯವರದು, ಎದುರಿನ ಕಟ್ಟೆ ಮುಂಬೈಯವರದು. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಹೀಗಾಗಿ ಒಂದೇ ಮನೆಯ ಅಣ್ಣತಮ್ಮಂದಿರೂ ಎರಡು ಕಡೆ ಹಂಚಿಹೋಗಿರುತ್ತಾರೆ. ಆಟ ನಡೆಯುವ ಎರಡು ತಿಂಗಳಿಗಿಂತ ಆಟವಿಲ್ಲದ ಹತ್ತು ತಿಂಗಳೇ ಇಲ್ಲಿ ಮಾತು ಜೋರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಟ್ಟದ್ದು ದಂಡ ಎಂಬ ಲೆಕ್ಕಾಚಾರಕ್ಕೆ ಮಳೆಗಾಲವಿಲ್ಲ, ಬೇಸಿಗೆಯಿಲ್ಲ.

2024ರ ಅಕ್ಟೋಬರ್ 31ರಂದು ತಂಡಗಳು ತಾವು ಉಳಿಸಿಕೊಂಡವರ ಹೆಸರು ಹೇಳಿದವು. ಆರ್‌ಸಿಬಿ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಮೂವರನ್ನೇ ಇಟ್ಟುಕೊಂಡಿತು. ಬೆಂಚಿನ ಮೇಲೆ ಬೆಂಕಿ.

‘ಸಿರಾಜನ್ನ ಯಾಕ್ ಬಿಟ್ರಲೇ? ಏಳ ವರ್ಷ ದುಡದಾನ.’

‘ದುಡದಾನಂತ ಮನ್ಯಾಗ ಕಟ್ಕೊಂಡ ಕೂಡ್ಬೇಕೇನು? ಬಾಜಾರಕ್ಕ ಬರ್ಲಿ, ರೇಟ ಗೊತ್ತಾಗ್ತದ.’

‘ಮತ್ತ ರಾಹುಲ್? ಕನ್ನಡದ ಹುಡುಗ, ಇವಗರ ತರಬೇಕಿಲ್ಲ?’

‘ಕಾಕಾ, ಇದೇನ್ ಬೀಗತನ ಏನ್ರಿ, ನಮ್ಮವ ತಮ್ಮವ ಅನ್ಲಿಕ್ಕ?’

ಮಾತು ಕೇಳುತ್ತ ಕೂತವನಿಗೆ ಹೊಳೆದದ್ದೆಂದರೆ, ಇದು ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧೇಶ್ವರನ ಗಡ್ಡಾ ಜಾತ್ರೆಯ ದನದ ಬಜಾರಿನ ಭಾಷೆ. ‘ಇಟ್ಕೊಂಡ್ರು’, ‘ಬಿಟ್ರು’, ‘ಕಾಲ ಚಲೋ ಇಲ್ಲ’, ‘ಒಂದ ಬಯಲಿಗಷ್ಟೇ ಬರ್ತದ’. ಖಿಲಾರಿ ಎತ್ತಿನ ಹಲ್ಲು ನೋಡಿದಂತೆಯೇ ಆಟಗಾರನ ವಯಸ್ಸು ನೋಡುತ್ತಾರೆ. ಧೋನಿಯನ್ನು ಚೆನ್ನೈ ತಂಡ ಆ ವರ್ಷ 4 ಕೋಟಿಗೆ ಉಳಿಸಿಕೊಂಡದ್ದು ‘ಭಾರತಕ್ಕೆ ಆಡದವರ’ ಲೆಕ್ಕದಲ್ಲಿ. ಐದು ವರ್ಷ ಅಂತಾರಾಷ್ಟ್ರೀಯ ಪಂದ್ಯ ಆಡದವರನ್ನು ಹಾಗೆ ಎಣಿಸಬಹುದೆಂಬ ನಿಯಮ ಬಂದಿತ್ತು. ಅದನ್ನು ಕೇಳಿ ಕಟ್ಟೆಯ ಹಿರಿಯರೊಬ್ಬರು ಅಂದದ್ದು: ‘ಬಾಯಿಗೂಡಿದ ಎತ್ತ ತಂದು ಹೋರಿಗರ ಅಂತ ಬರಸ್ಯಾರ.’ ಇದಕ್ಕಿಂತ ಸ್ಪಷ್ಟವಾಗಿ ಆ ನಿಯಮವನ್ನು ಯಾವ ಕ್ರೀಡಾ ಪುಟವೂ ವಿವರಿಸಿದ್ದನ್ನು ನಾನು ಓದಿಲ್ಲ. (‘ಇಟ್ಟುಕೊಂಡರು’ ಎಂದಾಗ ಆ ಹಿರಿಯರ ಮೀಸೆಯ ಕೆಳಗೆ ಸಣ್ಣ ನಗೆ ಬರುವುದಕ್ಕೆ ಬೇರೆಯದೇ ಕಾರಣವಿದೆ. ಕನ್ನಡ ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ.)

ಫುಟ್‌ಬಾಲಿನವರಿಗೆ ಈ ಹರಾಜಿನ ಭಾಗ್ಯವಿಲ್ಲ. ಅವರದು ವರ್ಗಾವಣೆ. 2017ರಲ್ಲಿ ನೇಮಾರ್ ಬಾರ್ಸಿಲೋನಾದಿಂದ ಪ್ಯಾರಿಸ್ಸಿಗೆ 22.2 ಕೋಟಿ ಯೂರೋಗೆ ‘ವರ್ಗಾವಣೆ’ಯಾದ ಸುದ್ದಿ ಕನ್ನಡ ಪತ್ರಿಕೆಯಲ್ಲಿ ಓದಿದಾಗ ಟ್ರಂಕು, ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತುವ ಕನ್ನಡ ಶಾಲೆಯ ಮೇಷ್ಟ್ರೇ ನನ್ನ ಕಣ್ಣಿಗೆ ಬಂದರು. ವರ್ಗಾವಣೆಯ ಮಾತು ಬಂದರೆ ಅಕ್ಕಲಕೋಟೆಯವರು ಸುಮ್ಮನಿರುವುದಿಲ್ಲ. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಅಕ್ಕಲಕೋಟೆ ತಾಲೂಕನ್ನೇ ಕರ್ನಾಟಕಕ್ಕೆ ಕೊಡುವ ಪಟ್ಟಿಗೆ ಹಾಕಿತ್ತು. ಆಚೆಯವರು ಒಪ್ಪಿದರು, ಈಚೆಯವರು ಬಿಡಲಿಲ್ಲ. ‘ನಾವು ರಿಟೇನ್ ಆದವರು’ ಎಂದು ಹುಡುಗರು ಈಗ ನಗಾಡುತ್ತಾರೆ. ಅವರ ಅಜ್ಜಂದಿರು ನಗುತ್ತಿರಲಿಲ್ಲ.

ಹರಾಜು ನಮ್ಮಲ್ಲಿ ಒಂಟಿಯಲ್ಲ. ಅದರ ಬೆನ್ನಿಗೆ ಇನ್ನೆರಡು ಶಬ್ದಗಳಿವೆ: ಲಿಲಾವ ಮತ್ತು ಸವಾಲು. ಹರಾಜು ಅರಬ್ಬಿಯ ‘ಹರಾಜ್’. ಫಾರಸಿ, ಉರ್ದುವಿನ ದಾರಿ ಹಿಡಿದು ನೆಲದ ಮೇಲೆ ನಡೆದು ಬಂದದ್ದು. ಲಿಲಾವ ಪೋರ್ಚುಗೀಸರ ‘ಲೆಯ್ಲಾಂವ್’. ಹಡಗಿನಲ್ಲಿ ಬಂದು ಗೋವೆಯ ಕಡೆಯಿಂದ ಮರಾಠಿಗೆ, ಅಲ್ಲಿಂದ ನಮಗೆ. ಅದೇ ಹಡಗಿನ ಶಬ್ದ ಇನ್ನೂ ಕೆಳಗೆ ಹೋಗಿ ಮಲಯಾಳದಲ್ಲಿ ‘ಲೇಲಂ’, ತಮಿಳಿನಲ್ಲಿ ‘ಏಲಂ’ ಆಗಿದೆ. ಕಾಸರಗೋಡಿನ ಕನ್ನಡಿಗ ಏಲಂ ಎನ್ನುವುದೂ ಅಕ್ಕಲಕೋಟೆಯ ಕನ್ನಡಿಗ ಲಿಲಾವ ಎನ್ನುವುದೂ ಒಂದೇ ಬಳ್ಳಿಯ ಕಾಯಿ. ಪೋರ್ಚುಗೀಸರಿಗೂ ಆ ಶಬ್ದ ಅರಬ್ಬರಿಂದಲೇ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಇನ್ನು ಸವಾಲು, ಅದೂ ಅರಬ್ಬಿಯೇ, ಮೂಲದ ಅರ್ಥ ಪ್ರಶ್ನೆ. ಬೆಂಗಳೂರಿನ ಕನ್ನಡದಲ್ಲಿ ಅದು ಪಂಥ. ನಮ್ಮಲ್ಲಿ ಜಾತ್ರೆ ಮುಗಿದ ಮೇಲೆ ದೇವರಿಗೆ ಏರಿಸಿದ ಕಾಯಿ, ಸೀರೆಗಳನ್ನು ಕೂಗಿ ಕೊಡುವುದಕ್ಕೆ ಸವಾಲು ಎನ್ನುತ್ತೇವೆ. ಕೂಗುವ ಒಂದೊಂದು ಬೆಲೆಗೂ ಅದೇ ಹೆಸರು. ಮೂವತ್ತು ರೂಪಾಯಿಯ ಕಾಯಿ ಸವಾಲಿನಲ್ಲಿ ಸಾವಿರಗಟ್ಟಲೆಗೆ ಏರುತ್ತದೆ. ಗೆದ್ದವನು ಕಾಯಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ಒಯ್ಯುತ್ತಾನೆ. ‘ಆರ್‌ಸಿಬಿಗೆ ಇಂದು ಮುಂಬೈ ಸವಾಲು’ ಎಂಬ ತಲೆಬರಹ ಓದಿ, ತಂಡವನ್ನೇ ಕೊಳ್ಳಲಿಕ್ಕೆ ಮುಂಬೈಯವರು ಕೂಗಿದರೇನು ಎಂದು ನಮ್ಮ ಕಡೆಯವರೊಬ್ಬರು ನನ್ನನ್ನು ಕೇಳಿದ್ದುಂಟು. ಮರಾಠಿಯವರಿಗೆ ಕೂಗುವ ಬೆಲೆ ‘ಬೋಲಿ’. ಆಡುನುಡಿಗೂ ಅವರು ಅದೇ ಶಬ್ದ ಬಳಸುತ್ತಾರೆ. ಹೀಗಾಗಿ ಸೊಲ್ಲಾಪುರದಲ್ಲಿ ‘ನಿಮ್ಮ ಬೋಲಿ ಯಾವುದು’ ಎಂದು ಕೇಳಿದವನಿಗೆ ಕನ್ನಡ ಎಂದು ಹೇಳಬೇಕೋ ಬೆಲೆ ಹೇಳಬೇಕೋ ಎಂಬುದು ನೀವು ನಿಂತ ಜಾಗದ ಮೇಲೆ ಹೋಗುತ್ತದೆ.

ಹರಾಜಿನ ಬಾಳಿನಲ್ಲಿ ಒಂದು ತಮಾಷೆಯ ತಿರುವು ಅದೇ 2024ರ ನವೆಂಬರಿನಲ್ಲಿ ಬಂತು. ಐಪಿಎಲ್ಲಿನ ದೊಡ್ಡ ಹರಾಜು 24, 25ರಂದು ನಡೆದದ್ದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ. ಅಲ್ಲಿಯ ಜನ ಇಂದಿಗೂ ಕೂಗಿ ಮಾರುವ ಹಳೆಸಾಮಾನಿನ ಸಂತೆಗೆ ಹರಾಜ್ ಎನ್ನುತ್ತಾರೆ. ಹಳೆ ಕಾರು, ಹಳೆ ಸೋಫಾ ಮಾರುವ ಅಲ್ಲಿನ ಹೆಸರುವಾಸಿ ಆ್ಯಪಿನ ಹೆಸರೂ ಹರಾಜ್. ಎಷ್ಟೋ ನೂರು ವರ್ಷ ಹಿಂದೆ ಗಂಟು ಕಟ್ಟಿಕೊಂಡು ಹೊರಟ ಶಬ್ದ ಹೀಗೆ ತವರಿಗೆ ಹೋಯಿತು, ಅದೂ ಮೆರವಣಿಗೆಯಲ್ಲಿ. ಎರಡು ದಿನಕ್ಕೆ 182 ಆಟಗಾರರು, 639.15 ಕೋಟಿ ರೂಪಾಯಿ. ರಿಷಭ್ ಪಂತ್ 27 ಕೋಟಿಗೆ ಲಖನೌಗೆ, ನಮ್ಮ ಬೆಂಚಿನವರು ಹಂಬಲಿಸಿದ್ದ ರಾಹುಲ್ 14 ಕೋಟಿಗೆ ದೆಹಲಿಗೆ, ಸಿರಾಜ್ 12.25 ಕೋಟಿಗೆ ಗುಜರಾತಿಗೆ. ಹದಿಮೂರು ವರ್ಷದ ವೈಭವ್ ಸೂರ್ಯವಂಶಿ 1.10 ಕೋಟಿಗೆ ರಾಜಸ್ಥಾನಕ್ಕೆ. ನಮ್ಮ ಅರ್ಶಿನ್ ಮತ್ತೆ ಲಖನೌಗೇ, ಈ ಸಲ 30 ಲಕ್ಷ. ಡೇವಿಡ್ ವಾರ್ನರ್‌ನನ್ನು ಯಾರೂ ಕೇಳಲಿಲ್ಲ. ನಾಚಿಕೆ ಈಗ ಅಲ್ಲಿಗೆ ಹೋಗಿ ಕೂತಿದೆ: ಹರಾಜಾದವನಿಗೆ ಹೂವಿನ ಹಾರ, ಆಗದವನಿಗೆ ಮೌನ.

ಅರ್ಶಿನ್ ಬಗ್ಗೆ ಸೊಲ್ಲಾಪುರದವರಿಗೆ ಒಂದು ಕೊರಗಿದೆ. 2023ರಲ್ಲಿ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ ಶುರುವಾದಾಗ ಸೊಲ್ಲಾಪುರದ ಹೆಸರಿನ ತಂಡವೂ ಇತ್ತು, ಸೋಲಾಪುರ್ ರಾಯಲ್ಸ್. ನಮ್ಮೂರ ಹುಡುಗ ಆಡಿದ್ದು ಮಾತ್ರ ನಾಶಿಕದ ತಂಡಕ್ಕೆ. ಪುಣೆಯ ತಂಡದ ವಿರುದ್ಧ 54 ಎಸೆತಕ್ಕೆ 117, ಅದರಲ್ಲಿ 13 ಸಿಕ್ಸರ್. ಸಾಲದೆಂಬಂತೆ ನಾಲ್ಕು ವಿಕೆಟ್. ಕೊನೆಯ ಓವರನ್ನೂ ತಾನೇ ಎಸೆದು ಒಂದು ರನ್ನಿನಿಂದ ಗೆಲ್ಲಿಸಿದ. ‘ಹೆತ್ತವರು ನಾವು, ಬಾಣಂತನ ನಾಶಿಕದವರದು’ ಎಂದು ಬೇಕರಿಯ ಮಾಲಕರೊಬ್ಬರು ಆ ವಾರವೆಲ್ಲ ಗಿರಾಕಿಗಳಿಗೆ ಹೇಳಿದರು. ಊರಿನ ಹೆಸರನ್ನು ತಂಡಕ್ಕೆ ಇಟ್ಟ ಮಾತ್ರಕ್ಕೆ ಊರಿನ ಹುಡುಗ ಅಲ್ಲಿಗೆ ಬರುವುದಿಲ್ಲ. ಕೂಗಿದ ಬೆಲೆಗೆ ಬರುತ್ತಾನೆ. ಇದು ನ್ಯಾಯವೇ ಇರಬಹುದು. ಆದರೂ ನನಗೆ ಬೇಕರಿಯವರ ಸಿಟ್ಟೇ ಹೆಚ್ಚು ಹಿಡಿಸಿತು.

ಹರಾಜಿಗೆ ಬಾರದ ವ್ಯಾಪಾರವೂ ಇದೆ. ದನದ ಬಜಾರಿನಲ್ಲಿ ಕೊಳ್ಳುವವನೂ ಕೊಡುವವನ ದಲ್ಲಾಳಿಯೂ ಟವೆಲ್ಲಿನ ಅಡಿಯಲ್ಲಿ ಕೈ ಕೂಡಿಸುತ್ತಾರೆ. ಬೆರಳು ಒತ್ತುವುದರಲ್ಲೇ ಸಾವಿರ, ನೂರು ಎಲ್ಲ ಮುಗಿಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮತ್ತು ಅಲುಗಾಡುವ ಬಟ್ಟೆ. ಐಪಿಎಲ್ಲಿನಲ್ಲಿ ಇದಕ್ಕೆ ಟ್ರೇಡ್ ಎಂದು ಹೆಸರು. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಹಾಗೆಯೇ ಗುಜರಾತಿನಿಂದ ಮುಂಬೈಗೆ ಬಂದ. ಬಂದವನೇ ನಾಯಕನೂ ಆದದ್ದಕ್ಕೆ ಕಟ್ಟೆಯ ಮುಂಬೈ ಕಡೆಯವರೇ ಎರಡು ಹೋಳಾದರು. ಒಬ್ಬ ಹುಡುಗ ತಿಂಗಳುಗಟ್ಟಲೆ ಹಿಂದಿನ ನಾಯಕ ರೋಹಿತ್ ಶರ್ಮಾನ ಹೆಸರಿನ ಅಂಗಿ ಬಿಚ್ಚಲಿಲ್ಲ. ಅವನ ತಾಯಿ ಬಂದು ಚಹಾದಂಗಡಿಯವನಿಗೆ ಬೈದು ಹೋದಳು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಉಳ್ಳಾಗಡ್ಡಿಯ ಸುಗ್ಗಿಯಲ್ಲಿ ಅಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಅಕ್ಕಲಕೋಟೆ, ಇಂಡಿ, ಆಳಂದ ಕಡೆಯ ಗಾಡಿಗಳೂ ಬಂದಿರುತ್ತವೆ. ಈ ಯಾರ್ಡಿನಲ್ಲೇ 2023ರ ಫೆಬ್ರುವರಿಯಲ್ಲಿ ಜಿಲ್ಲೆಯ ರೈತರೊಬ್ಬರ 512 ಕಿಲೊ ಉಳ್ಳಾಗಡ್ಡಿ ಕಿಲೊಗೆ ಒಂದು ರೂಪಾಯಿಯಂತೆ ಹೋಗಿ, ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಕೈಗೆ ಎರಡು ರೂಪಾಯಿಯ ಚೆಕ್ಕು ಬಂದಿತ್ತು. ದೇಶದ ಪೇಪರುಗಳೆಲ್ಲ ಅದರ ಫೋಟೊ ಹಾಕಿದ್ದವು. ನಾನು ಹೋದ ದಿನ ದರ ಅಷ್ಟು ಕೆಟ್ಟದ್ದಿರಲಿಲ್ಲ. ಕೂಗುವವನು ಒಂದು ಕುಪ್ಪೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದ, ಖರೀದಿದಾರರು ಚೀಲಕ್ಕೆ ಕೈ ಹಾಕಿ ಗಡ್ಡೆ ಒತ್ತಿ ನೋಡುತ್ತ ಅವನ ಹಿಂದೆ. ಒಂದು ಕುಪ್ಪೆಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ತೋಳನೂರು ಕಡೆಯ ಮುದುಕರೊಬ್ಬರು ತಮ್ಮ ಚೀಲದ ಮೇಲೆ ಕಾಲಿಟ್ಟು ನಿಂತಿದ್ದರು, ಬಸ್ಸಿನಲ್ಲಿ ಜಾಗ ಹಿಡಿದಂತೆ. ಅವರ ಸರದಿ ಮುಗಿದದ್ದು ನನಗೆ ತಿಳಿಯಲೇ ಇಲ್ಲ.

‘ಹರಾಜ ಆತೇನ್ರಿ ಕಾಕಾ?’ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಲಿಲಾವ ಅನ್ರಿ’ ಅಂದರು. ‘ಹರಾಜ ಆಗೂದು ಮನೀದು.’