ಮದ್ರಾಸಿನ ಸೇಂಟ್ ಆಂಡ್ರೂಸ್ ಕರ್ಕ್

ಚೆನ್ನೈನ ಎಗ್ಮೋರ್ ಬಳಿಯಿರುವ ಈ ಚರ್ಚು ಈಸ್ಟ್ ಇಂಡಿಯಾ ಕಂಪನಿಯ ಊಳಿಗದಲ್ಲಿದ್ದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ 1818-21ರಲ್ಲಿ ಎದ್ದಿತು. ಕಟ್ಟಿಸಿದವನು ಮದ್ರಾಸ್ ಎಂಜಿನಿಯರ್ಸ್ ಪಡೆಯ ಮೇಜರ್ ಥಾಮಸ್ ಡಿ ಹ್ಯಾವಿಲೆಂಡ್. ಜೇಮ್ಸ್ ಗಿಬ್ಸ್ ರೂಪಿಸಿದ ಲಂಡನ್ನಿನ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್ ಚರ್ಚಿನ ನಕಲು ಎಂದೇ ಇದನ್ನು ವರ್ಣಿಸುವುದು ರೂಢಿ. ಮುಖಮಂಟಪ, ಗೋಪುರಗಳ ಮಟ್ಟಿಗೆ ಆ ಮಾತು ನಿಜ. ಬಾಗಿಲು ದಾಟಿದ ಮೇಲೆ ಸಲ್ಲದು. ಒಳಗಿರುವುದು ಉದ್ದನೆಯ ಹಜಾರವಲ್ಲ, 16 ಕಂಬಗಳ ಮೇಲೆ ನಿಂತ ದುಂಡು ಗುಮ್ಮಟ. ಈ ದುಂಡನೆಯ ಆಕಾರಕ್ಕೆ ಕಾರಣವನ್ನು ಪ್ರೆಸ್ಬಿಟೇರಿಯನ್ ಆರಾಧನೆಯಲ್ಲಿಯೇ ಹುಡುಕಬೇಕು. ಅಲ್ಲಿ ಬಲಿಪೀಠವಿಲ್ಲ, ಕರ್ತನ ಭೋಜನಕ್ಕೆ ಒಂದು ಮೇಜು ಸಾಕು. ಆರಾಧನೆಯ ತಿರುಳು ವಾಕ್ಯೋಪದೇಶ. ಸಭೆಯವರೆಲ್ಲರಿಗೂ ಪ್ರಸಂಗಪೀಠ ಕಾಣಬೇಕು, ಬೋಧಕನ ಮಾತು ಕೇಳಬೇಕು. ಮೆರವಣಿಗೆ ಸಾಗದ ಚರ್ಚಿಗೆ ಉದ್ದನೆಯ ನಡುದಾರಿಯಿಂದ ಆಗಬೇಕಾದ್ದೇನೂ ಇಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ. ಗಿಬ್ಸ್ ತನ್ನ 1728ರ ಪುಸ್ತಕದಲ್ಲಿ ಸೇಂಟ್ ಮಾರ್ಟಿನ್‌ಗೆಂದು ತಾನು ಮೊದಲು ಬರೆದಿದ್ದ, ಕಟ್ಟದೆ ಉಳಿದ ಒಂದು ದುಂಡು ನಕ್ಷೆಯನ್ನೂ ಅಚ್ಚು ಹಾಕಿಸಿದ್ದ. ಹಾಗಾದರೆ ಮದ್ರಾಸಿನವರು ಅದನ್ನೇ ಎತ್ತಿಕೊಂಡಿರಬಹುದಲ್ಲ? ಎತ್ತಿಕೊಂಡಿರಬಹುದು. ಆದರೆ ಆಂಗ್ಲಿಕನ್ನರು ಬಿಟ್ಟ ನಕ್ಷೆ ಪ್ರೆಸ್ಬಿಟೇರಿಯನ್ನರಿಗೆ ಏಕೆ ಹಿಡಿಸಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎಡಿನ್‌ಬರೊದ ಜಾರ್ಜ್ ಸ್ಟ್ರೀಟಿನಲ್ಲಿ 1784ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚು ಅಂಡಾಕಾರದ್ದು. ಸ್ಕಾಟರು ತಮ್ಮ ನಾಡಿನಲ್ಲಿಯೇ ಇಂಥ ನಕ್ಷೆಯ ಚರ್ಚನ್ನು ಕಟ್ಟಿಕೊಂಡಿದ್ದರು.

ಪುಟ್ಟ ಸಭೆಗೆ ಇಷ್ಟೆತ್ತರದ ಗೋಪುರವೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಕೇಳಿಸುವುದೇ ಮುಖ್ಯವಾಗಿದ್ದರೆ ಗೋಪುರಕ್ಕೆ ಸುರಿದ ಹಣ ದಂಡವೇ ಸರಿ. ಇದಕ್ಕೆ ಉತ್ತರ ಆರಾಧನೆಯಲ್ಲಿಲ್ಲ, ಅಂದಿನ ಚರ್ಚ್ ರಾಜಕಾರಣದಲ್ಲಿದೆ. ಕಂಪನಿಯ 1813ರ ಸನ್ನದಿನೊಂದಿಗೆ ಕಲ್ಕತ್ತೆಗೆ ಆಂಗ್ಲಿಕನ್ ಬಿಷಪ್ ಬಂದ. ಮೂರು ಪ್ರೆಸಿಡೆನ್ಸಿಗಳಿಗೂ ಸ್ಕಾಟಿಷ್ ಬೋಧಕರನ್ನು ನೇಮಿಸಲು ಕಂಪನಿ ಒಪ್ಪಿತು. ಸ್ಕಾಟ್ಲೆಂಡಿನ ಚರ್ಚೂ ಕಾನೂನಿನ ಪ್ರಕಾರ ರಾಷ್ಟ್ರೀಯ ಚರ್ಚೇ ಆದ್ದರಿಂದ, ತಾವು ಯಾರಿಗೂ ಕಡಿಮೆಯಲ್ಲ ಎಂಬುದು ಅವರ ಪಟ್ಟು. ಕಲ್ಕತ್ತೆಯಲ್ಲಿ ಗೋಪುರದ ವಿಚಾರಕ್ಕೇ ಬಿಷಪ್ ಮಿಡಲ್ಟನ್‌ಗೂ ಬೋಧಕ ಜೇಮ್ಸ್ ಬ್ರೈಸ್‌ಗೂ ಜಟಾಪಟಿ ನಡೆಯಿತು. ಬಿಷಪನ ತಲೆಯ ಮೇಲೆ ಕೂಗಲೆಂದೇ ಬ್ರೈಸ್ ಗೋಪುರದ ತುದಿಗೆ ಹುಂಜ ಕೂರಿಸಿದ ಎಂಬ ಕಥೆ ಇದೆ.

ಇಷ್ಟೆಲ್ಲ ಭಾರವನ್ನು ಹೊರಬೇಕಾದ ಎಗ್ಮೋರಿನ ನೆಲವೋ ಜೌಗು. ಡಿ ಹ್ಯಾವಿಲೆಂಡ್ ಇಲ್ಲಿನ ಬಾವಿ ತೋಡುವವರ ವಿದ್ಯೆಯನ್ನೇ ನೆಚ್ಚಿದ: ಸುಮಾರು 150 ಬಾವಿಗಳನ್ನು, 14ರಿಂದ 50 ಅಡಿಯವರೆಗಿನ ಆಳಕ್ಕೆ ಇಳಿಸಿ, ಅವುಗಳ ಮೇಲೆ ಅಡಿಪಾಯ ಹಾಕಿದ. ಮೇಲಿನ ಗುಮ್ಮಟ ಇಟ್ಟಿಗೆಯದು. ಇಟ್ಟಿಗೆಯ ಬಲದ ಮೇಲೆ ಅವನಿಗಿದ್ದ ನಂಬಿಕೆ ಹಳೆಯದು. ಕಾವೇರಿಗೆ ಚಪ್ಪಟೆ ಕಮಾನುಗಳ ಸೇತುವೆ ಕಟ್ಟಬಹುದೆಂದರೆ ಮೇಲಧಿಕಾರಿಗಳು ಒಪ್ಪದಿದ್ದಾಗ, 1808ರಲ್ಲಿ ಶ್ರೀರಂಗಪಟ್ಟಣದಲ್ಲಿ ನೂರಡಿಗೂ ಹೆಚ್ಚು ಅಗಲದ ಇಟ್ಟಿಗೆಯ ಕಮಾನೊಂದನ್ನು ಕಟ್ಟಿ ತೋರಿಸಿದವನು ಆತ. ಅದು ಕುಸಿದದ್ದು 1930ರ ದಶಕದಲ್ಲಿ.

ಒಳಗಿನ ಸಜ್ಜನ್ನು ನೋಡುವಾಗ ಮಾತ್ರ ಕಾಲಭೇದ ಮರೆಯಬಾರದು. ಈಗ ಕಣ್ಸೆಳೆಯುವ ಪೈಪ್ ಆರ್ಗನ್ ಬಂದದ್ದು 1883ರಲ್ಲಿ. ಅದನ್ನು ತೋರಿಸಿ, ಈ ಸಭೆ ಮೊದಲಿನಿಂದಲೂ ಆಂಗ್ಲಿಕನ್ ವೈಭವಕ್ಕೆ ಮಾರುಹೋಗಿತ್ತು ಎನ್ನುವುದು ಸಲ್ಲ. 1821ರ ಸ್ಕಾಟಿಷ್ ಚರ್ಚುಗಳಲ್ಲಿ ಕೀರ್ತನೆಗಳನ್ನು ವಾದ್ಯವಿಲ್ಲದೆ, ಮುಂಗಾಯಕನೊಬ್ಬ ಸ್ವರ ಎತ್ತಿಕೊಟ್ಟಂತೆ ಹಾಡುವುದೇ ಪದ್ಧತಿ. ಎಡಿನ್‌ಬರೊದ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ರಾಬರ್ಟ್ ಲೀ ವಾದ್ಯ ತಂದು ರಂಪವಾದದ್ದು 1860ರ ದಶಕದಲ್ಲಿ. ಮದ್ರಾಸಿಗೆ ಆರ್ಗನ್ ಬಂದದ್ದು ಆ ಜಗಳ ತಣಿದ ಮೇಲೆ.