ಬಾಲಕ್ಕೂ ಬೆಲೆಯಿದ್ದ ಕಾಲ

ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ, ಸೇವಕರು ಲಗಾಮು ಹಿಡಿದು ನಡೆಸುತ್ತಿರುವ ಕುದುರೆಗಳ ಸಾಲನ್ನು ನೋಡುತ್ತ ನಿಂತವನಿಗೆ, ಒಂದು ಸಾಮ್ರಾಜ್ಯದ ಬಲವೆಲ್ಲ ಆ ಗೊರಸುಗಳ ಮೇಲೆಯೇ ನಿಂತಿತ್ತೆಂಬ ಭಾವನೆ ಬಾರದಿರದು. ನಮ್ಮ ನೆಲದ ಹವೆ ಉತ್ತಮಾಶ್ವಗಳ ಸಂತಾನವೃದ್ಧಿಗೆ ಒಗ್ಗದುದರಿಂದ, ಅರಬ್ಬಿ ಮತ್ತು ಪಾರಸಿಕ ತಳಿಗಳು ಹೊರ್ಮುಜಿನಿಂದ ಹಡಗೇರಿ ಭಟ್ಕಳಕ್ಕೂ, 1510ರಲ್ಲಿ ಪೋರ್ತುಗೀಜರ ವಶವಾದ ಮೇಲೆ ಮುಖ್ಯವಾಗಿ ಗೋವೆಗೂ ಬಂದು, ಘಟ್ಟವನ್ನು ಹತ್ತಿ ವಿಜಯನಗರವನ್ನು ಸೇರುತ್ತಿದ್ದುವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ತುಗೀಜ ನೂನಿಜನು, ವಿಜಯನಗರದ ಅರಸ ಸಾಳುವ ನರಸಿಂಹನು ಸಾವಿರ ಪರ್ದಾವೊ ನಾಣ್ಯಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ನಡುಗಡಲಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೂ ಜೀವಂತ ಪ್ರಾಣಿಯ ಬೆಲೆಯನ್ನೇ ಕೊಡುತ್ತಿದ್ದನೆಂದೂ ಬರೆದಿಟ್ಟಿದ್ದಾನೆ. ಉಪ್ಪುಗಾಳಿಗೆ ಒಣಗಿದ ಒಂದು ಹಿಡಿ ಕೂದಲಿಗೆ ಹೊನ್ನು ತೆರಬಲ್ಲ ಬೊಕ್ಕಸವೆಂದರೆ ಅದು ಎಂಥದಿರಬೇಕು!

1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಆ ಬೊಕ್ಕಸ ಬರಿದಾಯಿತು. ಕುದುರೆಯ ಅಗತ್ಯ ತಗ್ಗಲಿಲ್ಲ, ಹೆಚ್ಚಿತು. ಆದರೆ ಕೊಳ್ಳುವ ಶಕ್ತಿ ಉಡುಗಿತು. 1567ರಲ್ಲಿ ಹಾಳುಪಟ್ಟಣಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಹೇಳುವಂತೆ, ಸೋತ ರಾಜ್ಯವನ್ನು ಆಳುತ್ತಿದ್ದ ತಿರುಮಲರಾಯನು ವ್ಯಾಪಾರಿಗಳನ್ನು ಕರೆಸಿ, ಯುದ್ಧದಲ್ಲಿ ಕಳೆದುಹೋಗಿದ್ದ ತನ್ನ ಮುದ್ರೆಯ ಕುದುರೆಗಳನ್ನು ತಂದರೂ ಒಳ್ಳೆಯ ಬೆಲೆ ಕೊಡುವೆನೆಂದು ನಂಬಿಸಿ, ಸಾಕಷ್ಟು ಕುದುರೆಗಳು ಕೈಸೇರಿದೊಡನೆ ಅವರನ್ನು ಬರಿಗೈಯಲ್ಲಿ ಅಟ್ಟಿಬಿಟ್ಟನು. ಮೇವು ನೀರಿಗೆ ಸುರಿದು ಘಟ್ಟ ಹತ್ತಿಸಿ ತಂದ ಆ ವರ್ತಕರ ಸಂಕಟವನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ಆದರೂ ಸೈನ್ಯವನ್ನೇ ಕಳೆದುಕೊಂಡಿದ್ದ ರಾಯನನ್ನು ಪೂರ್ತಿಯಾಗಿ ದೂಷಿಸಲೂ ನನ್ನ ಮನಸ್ಸು ಒಪ್ಪದು.

ವಿಜಯನಗರದ ಸೋಲಿನ ಪೆಟ್ಟು ಕರಾವಳಿಗೂ ತಟ್ಟಿತು. ಪಟ್ಟೆ ಮಕಮಲ್ಲುಗಳೊಡನೆ ಕುದುರೆಗಳನ್ನೂ ಆ ರಾಜ್ಯಕ್ಕೇ ಸಾಗಿಸಿ ಬಾಳುತ್ತಿದ್ದ ಗೋವೆಯ ಸುಂಕದ ಹುಟ್ಟುವಳಿ ಕುಗ್ಗಿ, ಅಲ್ಲಿನ ನಿವಾಸಿಗಳ ಬದುಕು ಅಂದಿನಿಂದ ಸೊರಗುತ್ತ ಬಂದಿತೆಂದು ಪೋರ್ತುಗೀಜ್ ಚರಿತ್ರಕಾರ ಕೂಟೊ ಬರೆದಿದ್ದಾನೆ.